‘ಸಿಂಡಿಕೇಟ್ ಬ್ಯಾಂಕ್’ ಎಂದು ಹುಡುಕಿದರೆ ಮಣಿಪಾಲ ಸಿಗುವುದಿಲ್ಲ

ಲೈಬ್ರರಿ ಚಂದಾ ಕೊಟ್ಟಿರುವ ಸಂಶೋಧನಾ ಲೇಖನಗಳ ಡೇಟಾಬೇಸ್ ತೆರೆದು ‘ಸಿಂಡಿಕೇಟ್ ಬ್ಯಾಂಕ್’ ಎಂದು ಟೈಪ್ ಮಾಡಿ ನೋಡಿ. ಲೇಖನಗಳ ರಾಶಿಯೇ ಬಂದು ಬೀಳುತ್ತದೆ, ಆ ಬ್ಯಾಂಕಿನ ಪ್ರಧಾನ ಕಚೇರಿಯಿದ್ದ ಮಣಿಪಾಲ ಮಾತ್ರ ಕಾಣುವುದಿಲ್ಲ. ಹಲವು ಬ್ಯಾಂಕುಗಳು ಸೇರಿ ಒಂದೇ ಕಂಪನಿಗೆ ಕೊಡುವ ದೊಡ್ಡ ಸಾಲಕ್ಕೆ ‘ಸಿಂಡಿಕೇಟೆಡ್ ಲೋನ್’ ಎಂಬ ಹೆಸರಿದೆ. ಸಿಕ್ಕಿದ್ದರಲ್ಲಿ ಹೆಚ್ಚಿನದು ಅದರ ಬಗ್ಗೆ ಅಮೆರಿಕ, ಯುರೋಪಿನವರು ಬರೆದದ್ದು. ‘ಕಾರ್ಪೊರೇಶನ್ ಬ್ಯಾಂಕ್’ ಎಂದರೆ ಹಾಂಗ್‌ಕಾಂಗ್ ಆ್ಯಂಡ್ ಶಾಂಘೈ ಬ್ಯಾಂಕಿಂಗ್ ಕಾರ್ಪೊರೇಶನ್ ಎದುರಾಗುತ್ತದೆ. ‘ಪಿಗ್ಮಿ’ ಎಂದರೆ ಆಫ್ರಿಕಾದ ಮಳೆಕಾಡಿನ ಜನರು. ನಮ್ಮ ಊರಿನಲ್ಲಿ ಪಿಗ್ಮಿ ಎಂದರೆ ದಿನಾ ಅಂಗಡಿಗೆ ಬಂದು ದುಡ್ಡು ಕೊಂಡುಹೋಗುವ ಏಜೆಂಟ್ ಎಂದು ಡೇಟಾಬೇಸಿಗೆ ಹೇಗೆ ಗೊತ್ತಾಗಬೇಕು?

ಎಂ.ಕಾಂ., ಎಂ.ಬಿ.ಎ. ಪ್ರಾಜೆಕ್ಟ್ ಬರೆಯುವವರು ಇಲ್ಲಿಗೇ ಸುಸ್ತಾಗಿ ಗೂಗಲ್‌ಗೆ ವಾಪಸಾಗುತ್ತಾರೆ. ಡೇಟಾಬೇಸ್ ಸರಿಯಿಲ್ಲ ಎಂಬ ತೀರ್ಮಾನ ಬೇರೆ. ತಪ್ಪು ಹೆಚ್ಚಾಗಿ ಆಗುವುದು ಡೇಟಾಬೇಸ್ ತೆರೆಯುವ ಮೊದಲೇ: ಕರಾವಳಿಯ ವ್ಯವಹಾರಕ್ಕೆ ಇಂಗ್ಲಿಷ್‌ನಲ್ಲಿ ಯಾವ ಯಾವ ಹೆಸರುಗಳಿದ್ದವು ಎಂದು ಪಟ್ಟಿ ಮಾಡಿಕೊಳ್ಳದೆ ಹೋಗುವುದು. ಇಲ್ಲಿ ಹುಡುಕುಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಮೊದಲು ಒಂದು ಹಾಳೆ, ಒಂದು ಪೆನ್ನು

ಬ್ಯಾಂಕುಗಳಿಂದಲೇ ಶುರು ಮಾಡೋಣ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದು ‘ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್’. ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಬಂದದ್ದು 1960ರ ದಶಕದಲ್ಲಿ. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನೊಳಗೆ ಸೇರಿತು. ಆ ಕೆನರಾ ಬ್ಯಾಂಕ್ ಕೂಡ 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಆರಂಭಿಸಿದಾಗ ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಆಗಿತ್ತು. ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್’ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಗಿ, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಲೀನವಾಯಿತು. 1931ರ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಿಂದ ಬ್ಯಾಂಕ್ ಆಫ್ ಬರೋಡಾದ ಭಾಗ. 1924ರ ಕರ್ಣಾಟಕ ಬ್ಯಾಂಕ್ ಮಾತ್ರ ಅದೇ ಹೆಸರಿನಲ್ಲಿ ಸ್ವತಂತ್ರವಾಗಿ ಉಳಿದಿದೆ. ಅದರ ಕಷ್ಟವೇ ಬೇರೆ: ಉದ್ಧರಣ ಚಿಹ್ನೆ ಹಾಕದೆ ಹುಡುಕಿದರೆ ಕರ್ನಾಟಕದ ಯಾವುದೇ ಬ್ಯಾಂಕಿನ ಯಾವುದೇ ಲೇಖನ ಬರುತ್ತದೆ.

ಹಾಗಾಗಿ ಹಾಳೆಯ ಮೇಲೆ ಸಂಸ್ಥೆಯ ಈಗಿನ ಹೆಸರು, ಹಳೆಯ ಹೆಸರು, ವಿಲೀನದ ನಂತರದ ಹೆಸರು ಮೂರನ್ನೂ ಬರೆಯಿರಿ. 1955ರ ಲೇಖಕ 1964ರ ಹೆಸರನ್ನು ಬಳಸಿರಲಾರ.

ಊರಿನ ಹೆಸರಿಗೂ ಇದೇ ಪಾಡು. ಮ್ಯಾಂಗಲೋರ್ ಅಧಿಕೃತವಾಗಿ ಮಂಗಳೂರು ಆದದ್ದು 2014ರ ನವೆಂಬರ್ 1ರಂದು. ಅದಕ್ಕೆ ಹಿಂದಿನ ಸಂಶೋಧನೆ ಪೂರ್ತಿ ಹಳೆಯ ಕಾಗುಣಿತದಲ್ಲಿದೆ, ನಂತರದ್ದೂ ಅರ್ಧಕ್ಕರ್ಧ ಹಾಗೆಯೇ. ಜಿಲ್ಲೆಗೆ ಸೌತ್ ಕೆನರಾ, ಸೌತ್ ಕನರಾ, ದಕ್ಷಿಣ ಕನ್ನಡ ಎಂಬ ಮೂರು ರೂಪಗಳಿವೆ. ಮೊದಲಿನ ಎರಡು ಇಂಗ್ಲಿಷ್‌ನಲ್ಲಿ ಸಿ ಮತ್ತು ಕೆ ಅಕ್ಷರದ ವ್ಯತ್ಯಾಸ. ಉಡುಪಿ ಜಿಲ್ಲೆ ಬೇರೆಯಾದದ್ದು 1997ರ ಆಗಸ್ಟ್‌ನಲ್ಲಿ. ಅದಕ್ಕೂ ಹಿಂದಿನ ಕುಂದಾಪುರ, ಕಾರ್ಕಳದ ಲೆಕ್ಕ ‘ಸೌತ್ ಕನರಾ’ ಅಥವಾ ‘ದಕ್ಷಿಣ ಕನ್ನಡ’ದ ಹೆಸರಿನಲ್ಲಿರುತ್ತದೆ. 1956ಕ್ಕಿಂತ ಹಿಂದೆ ಹೋದರೆ ಕಾಸರಗೋಡೂ ಅದರಲ್ಲೇ.

ಸರಕಿನ ಹೆಸರುಗಳು ಇನ್ನೂ ಚೇಷ್ಟೆಯವು. ಬೀಡಿಗೆ ಇಂಗ್ಲಿಷ್‌ನಲ್ಲಿ ಬೀಡಿ, ಬಿಡಿ, ಬಿರಿ ಎಂಬ ಮೂರು ಕಾಗುಣಿತಗಳಿವೆ. ಅಡಿಕೆಗೆ ಅರೆಕಾನಟ್ ಒಂದೇ ಪದವಾಗಿ, ಅರೆಕಾ ನಟ್ ಎರಡು ಪದವಾಗಿ, ಬೀಟಲ್ ನಟ್, ಸುಪಾರಿ. ಮೀನುಗಾರಿಕೆಗೆ ಇಳಿದರೆ ಪರ್ಸೀನ್ ಬೋಟಿನ ‘ಪರ್ಸ್ ಸೀನ್’ ನಡುವೆ ಹೈಫನ್ ಇದ್ದೂ ಇಲ್ಲದೆಯೂ. ದಡಕ್ಕೆ ಎಳೆಯುವ ರಂಪಣಿ ಬಲೆಗೆ ರಂಪಾನಿ, ರಂಪನ್ ಎರಡೂ. ಬ್ಯಾಂಕಿಂಗ್‌ನಲ್ಲಿ ನಾವು ‘ನಾನ್ ಪರ್ಫಾರ್ಮಿಂಗ್ ಅಸೆಟ್’ ಎನ್ನುವುದನ್ನು ಹೊರದೇಶದವರು ‘ನಾನ್ ಪರ್ಫಾರ್ಮಿಂಗ್ ಲೋನ್’ ಎನ್ನುತ್ತಾರೆ. ಬ್ಯಾಂಕ್ ವಿಲೀನಕ್ಕೆ ನಮ್ಮ ಸರಕಾರಿ ಕಡತದ ಪದ ‘ಅಮಾಲ್ಗಮೇಶನ್’, ಡೇಟಾಬೇಸಿನ ವಿಷಯಸೂಚಿಯ ಪದ ‘ಮರ್ಜರ್’. ಎರಡರಲ್ಲಿ ಒಂದನ್ನೇ ಹಾಕಿದವರಿಗೆ ಅರ್ಧ ಸಾಹಿತ್ಯ ಕಾಣುವುದೇ ಇಲ್ಲ.

ಈ ಹಾಳೆಗೆ ಅರ್ಧ ಗಂಟೆ ಹಿಡಿಯುತ್ತದೆ. ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರೂ ಪ್ರಯೋಜನ ಕಡಿಮೆ.

ಮೂರು ಸಾಲು

ಎಬ್ಸ್ಕೋ, ಪ್ರೋಕ್ವೆಸ್ಟ್ ಹೀಗೆ ಡೇಟಾಬೇಸ್ ಯಾವುದೇ ಇರಲಿ, ‘ಅಡ್ವಾನ್ಸ್ಡ್ ಸರ್ಚ್’ ಒತ್ತಿದರೆ ಒಂದರ ಕೆಳಗೊಂದು ಪೆಟ್ಟಿಗೆಗಳು ಬರುತ್ತವೆ. ಒಂದು ಪೆಟ್ಟಿಗೆಗೆ ಒಂದೇ ಕಲ್ಪನೆ. ಪೆಟ್ಟಿಗೆಯ ಒಳಗೆ ಸಮಾನಪದಗಳ ನಡುವೆ ‘ಆರ್’, ಪೆಟ್ಟಿಗೆಗಳ ನಡುವೆ ‘ಆ್ಯಂಡ್’. ಇಷ್ಟು ಪಾಲಿಸಿದರೆ ಕಂಸಗಳ ಗೋಜಲು ತಪ್ಪುತ್ತದೆ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಕಂಸವಿಲ್ಲದೆ ತುರುಕಿದರೆ ಯಾವ ‘ಆರ್’ ಯಾವ ‘ಆ್ಯಂಡ್’ಗೆ ಸೇರಿತು ಎಂದು ಪ್ರತಿಯೊಂದು ಡೇಟಾಬೇಸ್ ತನ್ನದೇ ಲೆಕ್ಕ ಹಾಕುತ್ತದೆ. ಸ್ಕೋಪಸ್ ಮೊದಲು ‘ಆರ್’ ಬಿಡಿಸುತ್ತದೆ, ಆಮೇಲೆ ‘ಆ್ಯಂಡ್’. ಬೇರೆಡೆ ಹಾಗಿರಬೇಕೆಂದಿಲ್ಲ.

ನಮ್ಮ ಗೇರುಬೀಜ ಕಾರ್ಖಾನೆಗಳು ಆಫ್ರಿಕಾದ ಕಚ್ಚಾ ಬೀಜವನ್ನು ನೆಚ್ಚಿಕೊಂಡಿರುವುದು ವಿಷಯ ಎಂದಿಟ್ಟುಕೊಳ್ಳಿ. ಮೊದಲ ಪೆಟ್ಟಿಗೆಗೆ ಕ್ಯಾಶ್ಯೂ, ಕೊನೆಗೆ ನಕ್ಷತ್ರ ಚಿಹ್ನೆ. ಆಗ ಕ್ಯಾಶ್ಯೂಸ್, ಕ್ಯಾಶ್ಯೂನಟ್ ಎರಡೂ ಬರುತ್ತವೆ. ಎರಡನೆಯದಕ್ಕೆ ಇಂಪೋರ್ಟ್, ಟ್ರೇಡ್, ಸಪ್ಲೈ ಚೈನ್, ವ್ಯಾಲ್ಯೂ ಚೈನ್, ಪ್ರಾಸೆಸಿಂಗ್. ಮೂರನೆಯದಕ್ಕೆ ಇಂಡಿಯಾ, ಕರ್ನಾಟಕ, ಮ್ಯಾಂಗಲೋರ್, ಮಂಗಳೂರು. ಪೂರೈಸುವ ದೇಶಗಳನ್ನೂ ಸೇರಿಸುವುದಾದರೆ ಟಾಂಜಾನಿಯಾ, ಬೆನಿನ್, ಘಾನಾ ಜೊತೆಗೆ ಐವರಿ ಕೋಸ್ಟ್ ಮತ್ತು ಕೋತ್ ದಿವ್ವಾರ್ ಎರಡನ್ನೂ ಹಾಕಬೇಕು. ದೇಶ ಒಂದೇ, ಹೆಸರು ಎರಡು. ಗಿಡದ ಶಾಸ್ತ್ರೀಯ ಹೆಸರಾದ ಅನಾಕಾರ್ಡಿಯಮ್ ಹಾಕಬೇಡಿ, ಕಸಿ ಕಟ್ಟುವ ವಿಧಾನ, ಸಿಪ್ಪೆಯ ಎಣ್ಣೆಯ ರಸಾಯನಶಾಸ್ತ್ರ ಎಲ್ಲ ಬಂದು ತುಂಬುತ್ತದೆ.

ನಕ್ಷತ್ರ ಚಿಹ್ನೆಯನ್ನು ತೀರಾ ಮೊದಲೇ ಹಾಕಿದರೂ ತೊಂದರೆ. ‘ಮಂಗಲ್’ ಎಂದು ನಿಲ್ಲಿಸಿ ನಕ್ಷತ್ರ ಹಾಕಿದವರಿಗೆ ಮಂಗಳಯಾನವೂ ಸಿಗುತ್ತದೆ! ಅಮೆರಿಕನ್, ಬ್ರಿಟಿಷ್ ಕಾಗುಣಿತದ ವ್ಯತ್ಯಾಸಕ್ಕೆ ಎಬ್ಸ್ಕೋದಲ್ಲಿ ಹ್ಯಾಷ್ ಚಿಹ್ನೆ ಇದೆ. ‘ಲೇಬರ್’ ಪದದಲ್ಲಿ ಯು ಅಕ್ಷರದ ಜಾಗಕ್ಕೆ ಅದನ್ನಿಟ್ಟರೆ ಎರಡೂ ರೂಪ ಸಿಗುತ್ತವೆ. ಎರಡು ಪದಗಳು ಹತ್ತಿರದಲ್ಲಿರಬೇಕು ಆದರೆ ಒತ್ತೊತ್ತಾಗಿ ಇರಬೇಕಿಲ್ಲ ಎಂದಾದರೆ ಎಬ್ಸ್ಕೋದಲ್ಲಿ ನಡುವೆ ‘ಎನ್5’, ಪ್ರೋಕ್ವೆಸ್ಟ್‌ನಲ್ಲಿ ‘ನಿಯರ್/5’. ಪಿಗ್ಮಿ ಸಮಸ್ಯೆಗೆ ಇದೇ ಮದ್ದು. ಪಿಗ್ಮಿ, ಅದರ ವೈ ಅಕ್ಷರದ ಕಾಗುಣಿತ ಎರಡನ್ನೂ ‘ಆರ್’ನಿಂದ ಜೋಡಿಸಿ ಡೆಪಾಸಿಟ್‌ನಿಂದ ಐದು ಪದಗಳ ಒಳಗೆ ಇರಲಿ ಎಂದರೆ ಕಾಡಿನ ಜನ ಹೊರಗೆ ಹೋಗಿ 1928ರಲ್ಲಿ ಶುರುವಾದ ಠೇವಣಿ ಯೋಜನೆ ಉಳಿಯುತ್ತದೆ.

ಪೆಟ್ಟಿಗೆಯ ಪಕ್ಕದ ಸಣ್ಣ ಮೆನುವನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ಮುಟ್ಟದಿದ್ದರೆ ಲೇಖಕರ ವಿಳಾಸದ ಪದವೂ ಕೆಲವು ಕಡೆ ಹುಡುಕಾಟಕ್ಕೆ ಸಿಕ್ಕಿಬೀಳುತ್ತದೆ. ‘ಮಣಿಪಾಲ್’ ಎಂದರೆ ಅಲ್ಲಿನ ವೈದ್ಯರು ಬರೆದ ಎಲ್ಲ ಪ್ರಬಂಧಗಳು, ‘ಮ್ಯಾಂಗಲೋರ್’ ಎಂದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದವರು ಯಾವ ವಿಷಯದ ಮೇಲೆ ಬರೆದಿದ್ದರೂ ಅದು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲೂ ಒಂದು ಮ್ಯಾಂಗಲೋರ್ ಇದೆ, ಅಲ್ಲಿಗೊಂದು ವಿಮಾನ ನಿಲ್ದಾಣವೂ ಇದೆ. ನಮ್ಮ ಬಜ್ಪೆ ಹುಡುಕುವಾಗ ಅದೂ ನುಸುಳುತ್ತದೆ. ಮೆನುವಿನಲ್ಲಿ ಶೀರ್ಷಿಕೆ ಅಥವಾ ಸಾರಾಂಶ ಆಯ್ದುಕೊಂಡರೆ ಈ ಗದ್ದಲ ಬಹುಮಟ್ಟಿಗೆ ಇಳಿಯುತ್ತದೆ.

‘ನಾಟ್’ ಬಳಸುವ ಮೊದಲು ಎರಡು ಸಲ ಯೋಚಿಸಿ. ಅಡಿಕೆ ಎಂದು ಹುಡುಕಿದರೆ ಬಾಯಿ ಕ್ಯಾನ್ಸರಿನ ವೈದ್ಯಕೀಯ ಲೇಖನಗಳೇ ಮುಂದೆ ಬರುತ್ತವೆ ಎಂದು ಸಿಟ್ಟಿನಲ್ಲಿ ‘ನಾಟ್ ಕ್ಯಾನ್ಸರ್’ ಹಾಕುವವರಿದ್ದಾರೆ. ಗುಟ್ಕಾ ನಿಷೇಧದಿಂದ ಅಡಿಕೆ ಧಾರಣೆಗೆ ಏನಾಯಿತು ಎಂಬ ಲೇಖನದ ಮೊದಲ ವಾಕ್ಯದಲ್ಲೇ ಕ್ಯಾನ್ಸರ್ ಪದ ಇರುತ್ತದೆ. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋ ಬಗ್ಗೆ ಬರೆಯುವವನಿಗೆ ಬೇಕಾದ ಲೇಖನವೇ ಅದು, ಹೋಗಿಯೇ ಬಿಟ್ಟಿತು. ಅದರ ಬದಲು ವೈದ್ಯಕೀಯ ಡೇಟಾಬೇಸ್‌ಗಳ ಟಿಕ್ ತೆಗೆದು ವಾಣಿಜ್ಯದ ಬಿಸಿನೆಸ್ ಸೋರ್ಸ್ ಒಂದನ್ನೇ ಆಯ್ದುಕೊಳ್ಳಿ.

ಫಲಿತಾಂಶ ಎಷ್ಟಿರಬೇಕು? ಶೀರ್ಷಿಕೆ ಓದಿ ಮುಗಿಸಬಹುದಾದ ಸಂಖ್ಯೆ, ನನ್ನ ಮಟ್ಟಿಗೆ 40ರಿಂದ 120. ಐನೂರು ಬಂದರೆ ಒಂದು ಪೆಟ್ಟಿಗೆಯನ್ನು ಶೀರ್ಷಿಕೆಗೆ ಸೀಮಿತಗೊಳಿಸಿ. ಆರೇಳೇ ಬಂದರೆ ಊರಿನ ಪೆಟ್ಟಿಗೆ ತೆಗೆದು ರಾಜ್ಯಕ್ಕೋ ದೇಶಕ್ಕೋ ಏರಿ. ಉಡುಪಿಯ ಮೇಲೆಯೇ ಹತ್ತು ಒಳ್ಳೆಯ ಲೇಖನ ಸಿಗಬೇಕು ಎಂಬ ಹಟ ಬೇಡ. ಕೇರಳದ ಕೊಲ್ಲಂನ ಗೇರುಬೀಜ ಕಾರ್ಖಾನೆಗಳ ಅಧ್ಯಯನ, ವಿಯೆಟ್ನಾಂನ ಪೈಪೋಟಿಯ ಅಧ್ಯಯನ ನಿಮ್ಮ ವಾದಕ್ಕೆ ಹೆಚ್ಚು ಬಲ ಕೊಡಬಹುದು.

ಒಂದು ಒಳ್ಳೆಯ ಲೇಖನ ಸಿಕ್ಕಿತೆಂದರೆ ಅದರ ಪುಟದಲ್ಲಿರುವ ವಿಷಯಪದಗಳನ್ನು ನಕಲು ಮಾಡಿಕೊಂಡು ಮತ್ತೆ ಹುಡುಕಿ. ಅದರ ಆಧಾರಪಟ್ಟಿ ಹಿಂದಕ್ಕೆ ಒಯ್ಯುತ್ತದೆ, ಅದನ್ನು ಉಲ್ಲೇಖಿಸಿದವರ ‘ಸೈಟೆಡ್ ಬೈ’ ಪಟ್ಟಿ ಮುಂದಕ್ಕೆ. ಗೂಗಲ್ ಸ್ಕಾಲರ್ ನಿಜವಾಗಿ ಉಪಯೋಗಕ್ಕೆ ಬರುವುದು ಈ ಎರಡನೇ ಕೆಲಸಕ್ಕೆ.

ಲೇಖಕರ ಹೆಸರಿನಿಂದ ಹುಡುಕುವಾಗ ನಮ್ಮ ಊರಿನವರಿಗೆ ವಿಶೇಷ ಕಷ್ಟ. ಶೆಟ್ಟಿ, ಪೈ, ಕಾಮತ್, ಭಟ್ ಸಾಲುಗಟ್ಟಿ ನಿಂತಿರುತ್ತಾರೆ. ಇನಿಶಿಯಲ್ ಒಂದೋ ಎರಡೋ ಎಂಬುದರ ಮೇಲೆ ಒಬ್ಬನೇ ಲೇಖಕ ಇಬ್ಬರಾಗಿರುತ್ತಾನೆ. ಡಿಸೋಜ, ಡಿಸಿಲ್ವ, ಡಿಕುನ್ಹಾ ಹೆಸರುಗಳಲ್ಲಿ ಇಂಗ್ಲಿಷ್‌ನ ಅಪಾಸ್ಟ್ರಫಿ ಇರುತ್ತದೆ. ಕೆಲವು ಡೇಟಾಬೇಸ್ ಅದನ್ನು ನುಂಗುತ್ತದೆ, ಕೆಲವು ಜಾಗ ಬಿಡುತ್ತದೆ. ಚಿಹ್ನೆಯೊಂದಿಗೆ, ಚಿಹ್ನೆಯಿಲ್ಲದೆ, ಜಾಗ ಬಿಟ್ಟು ಹೀಗೆ ಮೂರೂ ರೀತಿ ಹುಡುಕಿ.

ಯಾವುದು ಅಂಗಡಿ, ಯಾವುದು ಬರೀ ಬೋರ್ಡು

‘ಡೇಟಾಬೇಸ್’ ಎಂಬ ಒಂದೇ ಪದದಡಿ ಬೇರೆ ಬೇರೆ ಸಾಮಾನುಗಳಿವೆ. ಎಬ್ಸ್ಕೋದ ಬಿಸಿನೆಸ್ ಸೋರ್ಸ್, ಪ್ರೋಕ್ವೆಸ್ಟ್‌ನ ಎಬಿಐ ಇನ್ಫಾರ್ಮ್ ಕಲಸುಮೇಲೋಗರದ ದೊಡ್ಡ ಅಂಗಡಿಗಳು: ಸಂಶೋಧನಾ ನಿಯತಕಾಲಿಕ, ವ್ಯಾಪಾರಿ ಪತ್ರಿಕೆ, ಸುದ್ದಿಸಂಸ್ಥೆಯ ತಂತಿ, ಕಂಪನಿ ಪರಿಚಯ ಎಲ್ಲ ಒಂದೇ ಕಪಾಟಿನಲ್ಲಿ. ಸೈನ್ಸ್‌ಡೈರೆಕ್ಟ್, ಎಮರಾಲ್ಡ್, ಸೇಜ್ ತಮ್ಮ ಪ್ರಕಟಣೆಗಳನ್ನಷ್ಟೇ ಮಾರುವ ಪ್ರಕಾಶಕರ ಮಳಿಗೆಗಳು. ಸ್ಕೋಪಸ್, ವೆಬ್ ಆಫ್ ಸೈನ್ಸ್ ಬರೀ ಸೂಚಿ. ಲೇಖನ ಎಲ್ಲಿದೆ ಎಂದು ಬೋರ್ಡು ತೋರಿಸುತ್ತವೆ, ಲೇಖನ ಕೊಡುವುದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಜೆ-ಗೇಟ್ ಭಾರತೀಯ ನಿಯತಕಾಲಿಕಗಳನ್ನು ಹುಡುಕಲು ಒಳ್ಳೆಯದು. ಪ್ರೋವೆಸ್, ಕ್ಯಾಪಿಟಾಲೈನ್‌ಗಳಲ್ಲಿ ಲೇಖನಗಳೇ ಇಲ್ಲ, ಕಂಪನಿಗಳ ಲೆಕ್ಕಪತ್ರ ಮಾತ್ರ.

ದೊಡ್ಡ ಅಂಗಡಿಯಲ್ಲಿ ಹಲವು ನಿಯತಕಾಲಿಕಗಳ ಹೊಸ ಸಂಚಿಕೆ 12 ಅಥವಾ 18 ತಿಂಗಳು ತಡವಾಗಿ ಬರುತ್ತದೆ. ಪ್ರಕಾಶಕರು ಹಾಕುವ ತಡೆ ಅದು. ಹಳೆಯ ಸಂಚಿಕೆಗಳ ಭಂಡಾರವಾದ ಜೆಸ್ಟೋರ್‌ನಲ್ಲಿ ಈ ಅಂತರ ಸಾಮಾನ್ಯವಾಗಿ 3ರಿಂದ 5 ವರ್ಷ. ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿಯ ಹಳೆಯ ಸಂಚಿಕೆಗೆ ಜೆಸ್ಟೋರ್ ಸರಿಯಾದ ಜಾಗ, ಈ ವರ್ಷದ್ದಕ್ಕೆ ಅಲ್ಲ.

‘ಫುಲ್ ಟೆಕ್ಸ್ಟ್’ ಪೆಟ್ಟಿಗೆಗೆ ಮೊದಲೇ ಟಿಕ್ ಹಾಕುವ ಅಭ್ಯಾಸವನ್ನು ಬಿಡಬೇಕು. ಆ ಡೇಟಾಬೇಸಿನಲ್ಲಿ ಇಲ್ಲದ ಲೇಖನ ನಿಮ್ಮದೇ ಲೈಬ್ರರಿ ಚಂದಾ ಕೊಟ್ಟ ಎಮರಾಲ್ಡ್‌ನಲ್ಲಿ ಇರಬಹುದು, ಲೇಖಕರ ಸಂಸ್ಥೆಯ ಭಂಡಾರದಲ್ಲಿ ಉಚಿತವಾಗಿ ಇರಬಹುದು. ಟಿಕ್ ಹಾಕಿದ ಕ್ಷಣ ಅದು ಇದೆ ಎಂಬ ಸುಳಿವೂ ಮಾಯ.

ಪಿಯರ್ ರಿವ್ಯೂಡ್ ಎಂಬ ಟಿಕ್

ಪಿಯರ್ ರಿವ್ಯೂಡ್ ಎಂದರೆ ಅದೇ ಕ್ಷೇತ್ರದ ತಜ್ಞರು ಪರಿಶೀಲಿಸಿದ್ದು. ಈ ಟಿಕ್ ಹಾಕಿದರೆ ವಿಶ್ವಾಸಾರ್ಹ ಲೇಖನ ಸಿಕ್ಕಂತೆ ಎಂದು ತರಗತಿಯಲ್ಲಿ ಹೇಳುತ್ತಾರೆ. ಪೂರ್ತಿ ಸರಿಯಲ್ಲ. ಈ ಸೋಸುವಿಕೆ ನಡೆಯುವುದು ನಿಯತಕಾಲಿಕದ ಮಟ್ಟದಲ್ಲಿ, ಲೇಖನದ ಮಟ್ಟದಲ್ಲಲ್ಲ. ತಜ್ಞರ ಪರಿಶೀಲನೆಯಿರುವ ನಿಯತಕಾಲಿಕದ ಸಂಪಾದಕೀಯ, ಪುಸ್ತಕ ವಿಮರ್ಶೆ, ಸಂದರ್ಶನ, ತಿದ್ದುಪಡಿ ಟಿಪ್ಪಣಿ ಎಲ್ಲ ಜರಡಿಯಿಂದ ಇಳಿದು ಬರುತ್ತವೆ. ಎರಡು ಪುಟದ ಪುಸ್ತಕ ವಿಮರ್ಶೆಯನ್ನು ಸಂಶೋಧನೆ ಎಂದು ಉಲ್ಲೇಖಿಸಿದ ಪ್ರಾಜೆಕ್ಟ್ ವರದಿಗಳಿಗೆ ಕಡಿಮೆಯಿಲ್ಲ. ಡಾಕ್ಯುಮೆಂಟ್ ಟೈಪ್ ಎಂಬ ಇನ್ನೊಂದು ಸೋಸುವಿಕೆಯಲ್ಲಿ ‘ಆರ್ಟಿಕಲ್’ ಆಯ್ಕೆ ಮಾಡಿ. ಪುಟಸಂಖ್ಯೆ ಐದಕ್ಕಿಂತ ಕಡಿಮೆಯಿದ್ದರೆ ಅನುಮಾನಿಸಿ.

ಮರುಕಡೆ, ಟಿಕ್ ಹಾಕಿದರೆ ಒಳ್ಳೆಯದೂ ಹೋಗುತ್ತದೆ. 1922ರಿಂದ ಬರುತ್ತಿರುವ ಹಾರ್ವರ್ಡ್ ಬಿಸಿನೆಸ್ ರಿವ್ಯೂ ತಜ್ಞಪರಿಶೀಲಿತ ನಿಯತಕಾಲಿಕ ಅಲ್ಲ, ಸಂಪಾದಕರು ತಿದ್ದುವ ಪತ್ರಿಕೆ. ಕಲ್ಪನೆಯನ್ನು ಪರಿಚಯಿಸಲು ಬಳಸಿ, ಸಾಕ್ಷ್ಯವಾಗಿ ಅಲ್ಲ. ಅದರ 500 ಜನಪ್ರಿಯ ಲೇಖನಗಳು ಎಬ್ಸ್ಕೋದಲ್ಲಿ ಪರದೆಯ ಮೇಲೆ ಓದಲಷ್ಟೇ ಸಿಗುತ್ತವೆ, ಪ್ರಿಂಟ್ ಬರುವುದಿಲ್ಲ. ನಿಮ್ಮ ಕಂಪ್ಯೂಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಮೀನುಹುಡಿ, ಹೆಂಚು, ಗೇರುಬೀಜದ ಈ ತಿಂಗಳ ಸ್ಥಿತಿ ತಿಳಿಯಲು ವ್ಯಾಪಾರಿ ಪತ್ರಿಕೆಯೇ ಗತಿ. ಅಲ್ಲಿ ನೋಡಬೇಕಾದ್ದು ಲೇಖನಕ್ಕೆ ಬರೆದವರ ಹೆಸರಿದೆಯೇ, ಹೊಗಳಿಕೆಯಿರುವ ಕಂಪನಿಯ ಜಾಹೀರಾತು ಪಕ್ಕದಲ್ಲೇ ಇದೆಯೇ ಎಂದು. ‘ವೈರ್ ಫೀಡ್’ ಗುಂಪಿನಲ್ಲಿರುವುದರಲ್ಲಿ ಬಹಳಷ್ಟು ಕಂಪನಿಗಳೇ ಕಳಿಸಿದ ಪತ್ರಿಕಾ ಪ್ರಕಟಣೆ. ಕಂಪನಿ ಏನು ಹೇಳಿಕೊಂಡಿತು ಎಂಬುದಕ್ಕೆ ಅದು ಪುರಾವೆ, ಅದು ನಿಜವೇ ಎಂಬುದಕ್ಕೆ ಅಲ್ಲ. ಅಚ್ಚಿನಲ್ಲಿ ಹೊಯ್ದಂತಿರುವ ಸ್ವಾಟ್ (ಕಂಪನಿಯ ಬಲ, ದೌರ್ಬಲ್ಯ, ಅವಕಾಶ, ಅಪಾಯ) ವರದಿಗಳನ್ನಂತೂ ಓದಿ ಬದಿಗಿಡಿ.

ನಿಯತಕಾಲಿಕದ ಕುಲಗೋತ್ರ

‘ಯುಜಿಸಿ ಅಪ್ರೂವ್ಡ್’ ಎಂಬ ಮುದ್ರೆ ಹೊತ್ತ ನಿಯತಕಾಲಿಕಗಳು ಇನ್ನೂ ಇವೆ. ಮಾನ್ಯ ನಿಯತಕಾಲಿಕಗಳ ಯುಜಿಸಿ-ಕೇರ್ ಪಟ್ಟಿಯನ್ನೇ 2025ರ ಫೆಬ್ರವರಿಯಲ್ಲಿ ಯುಜಿಸಿ ನಿಲ್ಲಿಸಿದೆ, ಆ ಮುದ್ರೆಗೆ ಈಗ ಬೆಲೆಯಿಲ್ಲ. ವಾಣಿಜ್ಯ, ನಿರ್ವಹಣೆಯ ಕ್ಷೇತ್ರದಲ್ಲಿ ನೋಡಬಹುದಾದ್ದು ಆಸ್ಟ್ರೇಲಿಯಾದ ಎಬಿಡಿಸಿ ಪಟ್ಟಿ. ಎ-ಸ್ಟಾರ್, ಎ, ಬಿ, ಸಿ ಎಂದು ನಾಲ್ಕು ದರ್ಜೆ. ಪಟ್ಟಿಯಲ್ಲಿ ಇಲ್ಲದ ಮಾತ್ರಕ್ಕೆ ಕೆಟ್ಟದ್ದಲ್ಲ, ಭಾರತದ ಕೃಷಿ ಅರ್ಥಶಾಸ್ತ್ರದ ಒಳ್ಳೆಯ ಕೆಲಸಕ್ಕೆ ಅಲ್ಲಿ ಜಾಗ ಕಡಿಮೆ.

‘ಸ್ಕೋಪಸ್ ಇಂಡೆಕ್ಸ್ಡ್’ ಎಂದು ನಿಯತಕಾಲಿಕದ ಜಾಲತಾಣ ಹೇಳಿದರೆ ಸ್ಕೋಪಸ್‌ನ ಮೂಲಪಟ್ಟಿಯಲ್ಲೇ ನಿಯತಕಾಲಿಕದ ಎಂಟಂಕಿಯ ಗುರುತಿನ ಸಂಖ್ಯೆಯಾದ ಐಎಸ್ಎಸ್ಎನ್ ಹಾಕಿ ನೋಡಿ, ನೋಡಲು ಚಂದಾ ಬೇಡ. ಸೇರಿಸಿ ಆಮೇಲೆ ಕೈಬಿಟ್ಟ ನಿಯತಕಾಲಿಕದ ಮುಂದೆ ‘ಕವರೇಜ್ ಡಿಸ್ಕಂಟಿನ್ಯೂಡ್’ ಎಂದಿರುತ್ತದೆ, ವರ್ಷ ಸಹಿತ. ನಿಯತಕಾಲಿಕದ ಲೇಖನಗಳು ಸರಾಸರಿ ಎಷ್ಟು ಸಲ ಉಲ್ಲೇಖವಾಗುತ್ತವೆ ಎಂಬ ಲೆಕ್ಕವಾದ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಕೊಡುವುದು ಕ್ಲಾರಿವೇಟ್‌ನ ಜರ್ನಲ್ ಸೈಟೇಶನ್ ರಿಪೋರ್ಟ್ಸ್. ‘ಗ್ಲೋಬಲ್’, ‘ಯೂನಿವರ್ಸಲ್’ ಎಂದು ಮುಂದೆ ಬಾಲ ಕಟ್ಟಿಕೊಂಡಿರುವುದು ಬೇರೆಯವರ ಸರಕು.

ಐಎಸ್ಎಸ್ಎನ್ ಗುಣಮಟ್ಟದ ಪ್ರಮಾಣಪತ್ರ ಅಲ್ಲ, ಬರೀ ಗುರುತಿನ ಚೀಟಿ. ಆದರೂ ಕೈಲೆಕ್ಕದಲ್ಲಿ ಒಂದು ಪರೀಕ್ಷೆ ಸಾಧ್ಯ. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ, 11ರಿಂದ ಭಾಗಿಸಿ, ಶೇಷವನ್ನು 11ರಿಂದ ಕಳೆದರೆ ಎಂಟನೇ ಅಂಕಿ ಬರಬೇಕು. ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿಯ ಸಂಖ್ಯೆ 0012-9976. ಕೂಡಿಸಿದರೆ 93, ಶೇಷ 5, ಕಳೆದರೆ 6; ಸರಿಹೋಯಿತು. ಉತ್ತರ 10 ಬಂದರೆ ಎಕ್ಸ್ ಅಕ್ಷರ, ಶೇಷ ಸೊನ್ನೆಯಾದರೆ ಸೊನ್ನೆ. ಲೆಕ್ಕ ತಪ್ಪಿದರೆ ಸಂಖ್ಯೆಯೇ ಕಟ್ಟುಕತೆ ಅಥವಾ ಮುದ್ರಣದೋಷ. ಲೆಕ್ಕ ಸರಿಯಿದ್ದರೂ ನಿಜವಾದ ನಿಯತಕಾಲಿಕದ ಹೆಸರು, ಸಂಖ್ಯೆ ಎರಡನ್ನೂ ಕದ್ದು ನಡೆಸುವ ನಕಲಿ ಜಾಲತಾಣಗಳಿವೆ, ಹಾಗಾಗಿ ಐಎಸ್ಎಸ್ಎನ್ ಪೋರ್ಟಲಿನಲ್ಲಿರುವ ವಿಳಾಸಕ್ಕೆ ಹೋಲಿಸಿ ನೋಡಬೇಕು.

ಇನ್ನು ಲೇಖನ. ಮೊದಲ ಪುಟದ ಅಡಿಯಲ್ಲಿ ತಲುಪಿದ, ತಿದ್ದಿದ, ಒಪ್ಪಿದ ದಿನಾಂಕಗಳಿರುತ್ತವೆ. ಸೋಮವಾರ ತಲುಪಿ ಶುಕ್ರವಾರ ಒಪ್ಪಿಗೆಯಾಗಿದ್ದರೆ ಯಾರೂ ಓದಿಲ್ಲ ಎಂದೇ ಅರ್ಥ. ಮಾಹಿತಿ ಯಾವ ವರ್ಷದ್ದು ನೋಡಿ. 2023ರ ಲೇಖನದಲ್ಲಿ 2012ರ ಅಂಕಿಯಿರುವುದು ಅಪರೂಪವೇನಲ್ಲ. ಮಾದರಿ ಹೇಗೆ ಆಯ್ದರು? ಮಂಗಳೂರು ನಗರದ ನೂರು ಜನ ಗ್ರಾಹಕರು, ಐದಂಕದ ಪ್ರಶ್ನಾವಳಿ, ಶೇಕಡಾವಾರು ಕೋಷ್ಟಕ, ಕೊನೆಗೆ ‘ಭಾರತದ ಗ್ರಾಹಕರು ತೃಪ್ತರು’: ಈ ನಮೂನೆ ನಮ್ಮಲ್ಲಿ ಬೇಕಾದಷ್ಟು. ಸಿಕ್ಕಿದವರನ್ನು ಕೇಳಿದ ನೂರು ಉತ್ತರದಿಂದ ನಗರದ ಮಾತನ್ನೂ ಹೇಳಲಾಗದು, ದೇಶದ್ದು ದೂರ. ಹಣ ಕೊಟ್ಟವರು ಯಾರು ಎಂಬ ಸಾಲು ಕೊನೆಯಲ್ಲಿ ಇರುತ್ತದೆ, ಓದಿ.

ಪ್ರಕಟವಾದ ಮೇಲೆ ತಪ್ಪು ಕಂಡು ನಿಯತಕಾಲಿಕ ಹಿಂಪಡೆದ ಲೇಖನಗಳ ಬಗ್ಗೆ ವಾಣಿಜ್ಯದವರಿಗೆ ಎಚ್ಚರ ಕಡಿಮೆ, ಅದು ವೈದ್ಯರ ತಲೆನೋವು ಎಂಬ ಭಾವನೆ. ನಮೂನೆಯ ಕೊನೆಯ ಬದಲು ಮೇಲ್ಭಾಗದಲ್ಲೇ ಸಹಿ ಹಾಕಿಸಿದರೆ ಜನ ಪ್ರಾಮಾಣಿಕ ಮಾಹಿತಿ ಕೊಡುತ್ತಾರೆ ಎಂಬ 2012ರ ಅಧ್ಯಯನ ವಿಮೆ, ತೆರಿಗೆ ವಿಷಯದ ಬರಹಗಳಲ್ಲೆಲ್ಲ ಓಡಾಡಿತು. ಅಮೆರಿಕದ ಪಿಎನ್ಎಎಸ್ ನಿಯತಕಾಲಿಕ ಅದನ್ನು 2021ರಲ್ಲಿ ಹಿಂಪಡೆಯಿತು. ಅದಕ್ಕೂ ಮುಂಚೆ ಇಳಿಸಿಕೊಂಡ ಪಿಡಿಎಫ್‌ನಲ್ಲಿ ‘ಹಿಂಪಡೆದಿದೆ’ ಎಂಬ ಮುದ್ರೆ ಇರುವುದಿಲ್ಲ. ರಿಟ್ರಾಕ್ಷನ್ ವಾಚ್‌ನ ಉಚಿತ ಪಟ್ಟಿಯಲ್ಲಿ ಹುಡುಕಿ. ಆಧಾರಪಟ್ಟಿ ನಿರ್ವಹಿಸುವ ತಂತ್ರಾಂಶವಾದ ಜೊಟೆರೊ ಬಳಸುವವರಿಗೆ ಅದೇ ಕೆಂಪು ಪಟ್ಟಿ ತೋರಿಸಿ ಎಚ್ಚರಿಸುತ್ತದೆ.

ಚಾಟ್‌ಬಾಟ್ ಕೊಟ್ಟ ಆಧಾರಪಟ್ಟಿಗೆ ಒಂದೇ ಪರೀಕ್ಷೆ: ಡಿಒಐ, ಅಂದರೆ ಲೇಖನದ ಕಾಯಂ ಗುರುತಿನ ಸಂಖ್ಯೆಯನ್ನು, ಡಿಒಐ ಜಾಲತಾಣದಲ್ಲಿ ಹಾಕಿ. ತೆರೆಯದಿದ್ದರೆ, ಅಥವಾ ಬೇರೆಯೇ ಲೇಖನ ತೆರೆದರೆ, ಆ ಆಧಾರವನ್ನು ಬಿಟ್ಟುಬಿಡಿ.

ಅಂಕಿ ಎತ್ತುವಾಗ ಜಾರುವ ಜಾಗಗಳು

ಮಿಲಿಯನ್ ಮತ್ತು ಕೋಟಿ. ಹತ್ತು ಮಿಲಿಯನ್ ಎಂದರೆ ಒಂದು ಕೋಟಿ. ಒಂದು ಡೇಟಾಬೇಸಿನ ಮಿಲಿಯನ್ ಪಕ್ಕದಲ್ಲಿ ವಾರ್ಷಿಕ ವರದಿಯ ಕೋಟಿ ಇಟ್ಟು ಬೆಳವಣಿಗೆ ದರ ತೆಗೆದರೆ ಹತ್ತು ಪಟ್ಟು ತಪ್ಪು. ವರ್ಷದ ಗೊಂದಲವೂ ಅಷ್ಟೇ: ನಮ್ಮ 2019–20ನ್ನು ವಿದೇಶಿ ಡೇಟಾಬೇಸ್ ‘ಎಫ್‌ವೈ 2020’ ಎನ್ನುತ್ತದೆ, ಕ್ಯಾಲೆಂಡರ್ ವರ್ಷ 2020 ಎಂದುಕೊಂಡು ಕೋವಿಡ್ ಪರಿಣಾಮ ಹುಡುಕಿದರೆ ಸಿಗುವುದು ಕೋವಿಡ್‌ಗೂ ಮುಂಚಿನ ಹನ್ನೊಂದು ಚಿಲ್ಲರೆ ತಿಂಗಳು.

ವಿಲೀನದ್ದು ಇನ್ನೂ ದೊಡ್ಡ ಗುಂಡಿ. ಕೆನರಾ ಬ್ಯಾಂಕಿನ 2020ರ ಮಾರ್ಚ್ ಮತ್ತು 2021ರ ಮಾರ್ಚ್ ಠೇವಣಿಯನ್ನು ಹಾಗೆಯೇ ಹೋಲಿಸಿ ‘ಅಭೂತಪೂರ್ವ ಬೆಳವಣಿಗೆ’ ಎಂದು ಬರೆದ ಲೇಖನ ಕಂಡರೆ ಅಲ್ಲಿಗೆ ನಿಲ್ಲಿಸಬಹುದು. ನಡುವೆ ಸಿಂಡಿಕೇಟ್ ಬ್ಯಾಂಕ್ ಇಡಿಯಾಗಿ ಒಳಗೆ ಬಂದಿದೆ. ಸರಿಯಾದ ಅಧ್ಯಯನ ಹಿಂದಿನ ವರ್ಷಗಳಿಗೂ ಎರಡೂ ಬ್ಯಾಂಕಿನ ಅಂಕಿ ಕೂಡಿಸಿಯೇ ಹೋಲಿಸುತ್ತದೆ. ಜಿಲ್ಲಾವಾರು ಅಂಕಿಗೆ 1997ರ ಗೆರೆ ಹಾಗೆಯೇ: ಗೆರೆ ದಾಟುವಾಗ ದಕ್ಷಿಣ ಕನ್ನಡ, ಉಡುಪಿ ಎರಡನ್ನೂ ಕೂಡಿಸದಿದ್ದರೆ ದಕ್ಷಿಣ ಕನ್ನಡ ದಿಢೀರ್ ಬಡವಾದಂತೆ ಕಾಣುತ್ತದೆ.

ರಫ್ತು ಆಮದಿನ ಅಂಕಿಯನ್ನು ಲೇಖನದಿಂದ ಎತ್ತುವ ಬದಲು ವಾಣಿಜ್ಯ ಸಚಿವಾಲಯದ ಆಮದು ರಫ್ತು ಡೇಟಾ ಬ್ಯಾಂಕಿನಿಂದಲೇ ತೆಗೆಯಿರಿ. ಸಿಪ್ಪೆಸಹಿತ ಗೇರುಬೀಜಕ್ಕೆ ಎಚ್ಎಸ್ ಸಂಖ್ಯೆ (ಸರಕು ಗುರುತಿಸುವ ಅಂತಾರಾಷ್ಟ್ರೀಯ ಸಂಖ್ಯೆ) 080131, ತಿರುಳಿಗೆ 080132. ಎರಡನ್ನೂ ಸೇರಿಸಿ ‘ಗೇರುಬೀಜ’ ಎಂದರೆ ಆಮದೂ ರಫ್ತೂ ಬೆರೆತು ಏನೂ ಅರ್ಥವಾಗದು. ಮೀನುಹುಡಿಗೆ 230120. ಅಡಿಕೆಗೆ 080280 ಎಂಬ ಸ್ವಂತ ಸಂಖ್ಯೆ ಬಂದದ್ದು 2012ರ ಪರಿಷ್ಕರಣೆಯಲ್ಲಿ, ಅದಕ್ಕೆ ಹಿಂದಿನ ಅಂತಾರಾಷ್ಟ್ರೀಯ ಅಂಕಿ ಇತರ ಬೀಜಗಳ ಗುಂಪಿನಲ್ಲಿ ಮುಳುಗಿದೆ. ಬ್ಯಾಂಕಿಂಗ್ ಅಂಕಿಗೆ ರಿಸರ್ವ್ ಬ್ಯಾಂಕಿನ ಡೇಟಾಬೇಸ್. ಮೀನಿನ ವಿಷಯಕ್ಕೆ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್ಆರ್ಐ) ಭಂಡಾರ ಉಚಿತ; ರಂಪಣಿಯಿಂದ ಪರ್ಸೀನ್‌ಗೆ ದಾಟಿದ ಕಾಲದ ಬರಹಗಳೂ ಅಲ್ಲಿವೆ. ಗೇರಿಗೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ.

ಒಳಗೆ ಹೋಗುವ ದಾರಿ, ಹೊರಗೆ ತರುವ ದಾರಿ

ಕ್ಯಾಂಪಸ್‌ನ ವೈಫೈಯಲ್ಲಿ ತೆರೆಯುತ್ತದೆ, ಮೊಬೈಲ್ ಡೇಟಾದಲ್ಲಿ ಹಣ ಕೇಳುತ್ತದೆ. ಕಾರಣ, ಪ್ರಕಾಶಕರು ಗುರುತಿಸುವುದು ನಿಮ್ಮನ್ನಲ್ಲ, ಸಂಸ್ಥೆಯ ಐಪಿ ವಿಳಾಸವನ್ನು. ಮನೆಯಿಂದ ಬೇಕಾದರೆ ಇನ್‌ಫೆಡ್, ಓಪನ್‌ಅಥೆನ್ಸ್, ಮೈಲಾಫ್ಟ್‌ನಂಥ ದೂರಪ್ರವೇಶ ಇದೆಯೇ ಎಂದು ಲೈಬ್ರರಿಯವರನ್ನು ಕೇಳಿ. ಸ್ಕ್ರಿಪ್ಟ್ ಹಾಕಿ ನೂರಾರು ಪಿಡಿಎಫ್ ಒಟ್ಟಿಗೆ ಎಳೆಯಬೇಡಿ, ಇಡೀ ಕ್ಯಾಂಪಸ್ಸಿನ ಪ್ರವೇಶವೇ ಬಂದ್ ಆಗುತ್ತದೆ.

ಯಾರಿಗೆ ಏನು ಲಭ್ಯ ಎಂಬುದು ಸಂಸ್ಥೆಯ ಜಾತಕವನ್ನು ಅವಲಂಬಿಸಿದೆ. 2025ರಿಂದ ಜಾರಿಗೆ ಬಂದ ‘ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಷನ್’ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯ ಯೋಜನೆ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು. ಆದರೆ ಸರಕಾರಿ ಸಂಸ್ಥೆಗಳಿಗೆ ಮಾತ್ರ. ಸುರತ್ಕಲ್‌ನ ಎನ್ಐಟಿಕೆ, ಕೊಣಾಜೆಯ ವಿಶ್ವವಿದ್ಯಾನಿಲಯದಂಥವು ಇದರ ವ್ಯಾಪ್ತಿಯವು, ನಮ್ಮೂರಿನ ಸಾಲುಸಾಲು ಖಾಸಗಿ ಕಾಲೇಜುಗಳು ಅಲ್ಲ. ಅನುದಾನಿತ ಕಾಲೇಜಿನವರು, ಕಾಲೇಜುಗಳಿಗೆ ಇ-ನಿಯತಕಾಲಿಕ ಒದಗಿಸುವ ಎನ್-ಲಿಸ್ಟ್ ಯೋಜನೆಯ ಪಾಸ್‌ವರ್ಡ್ ಕೇಳಿ ಪಡೆಯಿರಿ. ಯಾವ ಕಾಲೇಜೂ ಇಲ್ಲದವರು ಜೆಸ್ಟೋರ್‌ನಲ್ಲಿ ಉಚಿತ ಖಾತೆ ತೆರೆದರೆ 30 ದಿನಕ್ಕೆ 100 ಲೇಖನ ಪರದೆಯ ಮೇಲೆ ಓದಬಹುದು. ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಎಲ್ಲರಿಗೂ ತೆರೆದಿದೆ. ಎಸ್ಎಸ್ಆರ್‌ಎನ್‌ನಲ್ಲಿ ಸಿಗುವುದು ಪರಿಶೀಲನೆಗೆ ಮುಂಚಿನ ಕರಡು, ಪ್ರಕಟವಾದ ರೂಪ ಬಂದಿದೆಯೇ ಎಂದು ನೋಡಿಯೇ ಉಲ್ಲೇಖಿಸಿ.

ಲೇಖನ ಸಿಕ್ಕ ಮೇಲೆ ಬ್ರೌಸರಿನ ವಿಳಾಸಪಟ್ಟಿಯ ಕೊಂಡಿಯನ್ನು ನಕಲು ಮಾಡಬೇಡಿ. ಅದು ಆ ಹೊತ್ತಿನ ಸೆಷನ್ನಿನದು, ಮರುದಿನ ಸತ್ತಿರುತ್ತದೆ. ‘ಪರ್ಮಾಲಿಂಕ್’ ಗುಂಡಿ ಒತ್ತಿ, ಇಲ್ಲವೇ ಡಿಒಐ ಬರೆದುಕೊಳ್ಳಿ. ಹುಡುಕಿದ ದಿನಾಂಕ, ಡೇಟಾಬೇಸ್, ಮೂರೂ ಪೆಟ್ಟಿಗೆಯ ಪದಗಳು, ಬಂದ ಸಂಖ್ಯೆ ಇಷ್ಟನ್ನು ಅದೇ ಹಾಳೆಯ ಹಿಂಬದಿಗೆ ಬರೆದಿಟ್ಟರೆ ವೈವಾದಲ್ಲಿ ‘ಹೇಗೆ ಹುಡುಕಿದಿರಿ’ ಎಂದಾಗ ತಡವರಿಸಬೇಕಿಲ್ಲ. ಜೊಟೆರೊಗೆ ಇಳಿಸಿದ ಮೇಲೆ ಲೇಖಕರ ಹೆಸರನ್ನು ಕಣ್ಣಿಟ್ಟು ತಿದ್ದಿ. ನಮ್ಮ ಇನಿಶಿಯಲ್‌ಗಳನ್ನು ಅದು ಮನೆತನದ ಹೆಸರಿನ ಜಾಗಕ್ಕೆ ಕೂರಿಸಿಬಿಡುತ್ತದೆ.

ಕನ್ನಡ ಪತ್ರಿಕೆಗಳು ಈ ಅಂತಾರಾಷ್ಟ್ರೀಯ ಅಂಗಡಿಗಳಲ್ಲಿ ಇಲ್ಲವೆಂದೇ ಇಟ್ಟುಕೊಳ್ಳಿ. ಮಲ್ಪೆ ಬಂದರಿನ ದರ, ಹೆಂಚಿನ ಕಾರ್ಖಾನೆ ಮುಚ್ಚಿದ್ದು, ಬೀಡಿ ಕಾರ್ಮಿಕರ ಮುಷ್ಕರ ಇವೆಲ್ಲ ಮೊದಲು ಬಂದದ್ದು ಅಲ್ಲೇ. 1970ರಿಂದ ಮಣಿಪಾಲದಿಂದ ಬರುತ್ತಿರುವ ಉದಯವಾಣಿಯಂಥ ಪತ್ರಿಕೆಯ ಹಳೆಯ ಕಟ್ಟುಗಳನ್ನು ಲೈಬ್ರರಿಯಲ್ಲಿ ಕೂತು ತಿರುವುವುದೇ ದಾರಿ. ಘಟನೆಯ ದಿನಾಂಕ ಮೊದಲು ಇಂಗ್ಲಿಷ್ ಡೇಟಾಬೇಸಿನಲ್ಲಿ ಖಚಿತಪಡಿಸಿಕೊಂಡರೆ ತಿರುವಬೇಕಾದ ಕಟ್ಟು ತಿಂಗಳಿನದ್ದಲ್ಲ, ವಾರದ್ದು. ದಿನಾಂಕ, ಪುಟದ ಜೊತೆಗೆ ಆವೃತ್ತಿಯನ್ನೂ ಬರೆದುಕೊಳ್ಳಿ. ಮಂಗಳೂರು ಆವೃತ್ತಿಯಲ್ಲಿ ಮುಖಪುಟದಲ್ಲಿದ್ದ ಮೀನಿನ ಸುದ್ದಿ ಬೆಂಗಳೂರು ಆವೃತ್ತಿಯಲ್ಲಿ ಇರದೇ ಹೋಗಬಹುದು.